ಕೀಲಿಕೈ ತಿರುಗಿ ಕೊಟ್ಟ ಕಾಕಾ

ಕೊಂಡ ಅಂಗಡಿಯ ಕೀಲಿಕೈಯನ್ನು ಕೈಯಾರೆ ತಿರುಗಿ ಕೊಟ್ಟು, ಆಮೇಲೆ ಅದೇ ಅಂಗಡಿಗಾಗಿ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದ ಮನುಷ್ಯ ನಮ್ಮ ರಬಕವಿ-ಬನಹಟ್ಟಿ ಸೀಮೆಗೆಲ್ಲ ಒಬ್ಬನೇ. ಆ ಮಹಾನುಭಾವ ನಮ್ಮ ಮನೆತನದಲ್ಲೇ ಹುಟ್ಟಬೇಕಿತ್ತೇ! ಅವನು ನನ್ನ ಕಾಕಾ, ಅಪ್ಪನ ಖಾಸಾ ತಮ್ಮ. ಹೆಸರು ಬರೆಯುವುದಿಲ್ಲ. ಬರೆದರೆ ನನಗೇ ಒಂದು ನೋಟೀಸು ಬಂದೀತು. ಕೋರ್ಟು ಕಂಡಾಗಿನಿಂದ ಅವನಿಗೆ ಮಾತಿಗೊಂದು ನೋಟೀಸು. ಮೊನ್ನೆ ಅವನ ಹೆಂಡತಿ, ನಮ್ಮ ಕಾಕು, ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದಳಂತೆ. "ಇದು ಮೊದಲನೇ ನೋಟೀಸು ಅಂತ ತಿಳಕೋ" ಅಂದನಂತೆ ಕಾಕಾ. "ಉತ್ತರ ರಾತ್ರಿ ಊಟದಾಗ ಬರತೈತಿ, ಕುಂಡ್ರು" ಅಂದಳಂತೆ ಕಾಕು. ಆ ರಾತ್ರಿ ಪಲ್ಯಕ್ಕೆ ಉಪ್ಪೇ ಇರಲಿಲ್ಲ.

ಮೊದಲು ಕಾಕಾನ ಕಸುಬು ಹೇಳಿಬಿಡುತ್ತೇನೆ. ಅವನು ಸೀರೆ ಮಾರುವವ. ಅಂಗಡಿಯಲ್ಲಲ್ಲ, ಹೆಗಲ ಮೇಲೆ. ರಬಕವಿಯ ಮಗ್ಗದವರ ಮನೆಗಳಿಂದ ಸೀರೆ ಎತ್ತಿ, ಹಳೇ ಧೋತರದಲ್ಲಿ ಗಂಟು ಕಟ್ಟಿ, ಬಸ್ಸು ಹತ್ತಿ ಮುಧೋಳ, ಬೀಳಗಿ, ರನ್ನ ಬೆಳಗಲಿ ಅಂತ ಊರೂರು ತಿರುಗುತ್ತಿದ್ದ. ಓಣಿಯಲ್ಲಿ ನಿಂತು ಒಂದು ಕೂಗು ಹಾಕಿದರೆ ಹೆಂಚಿನ ಮೇಲೆ ರೊಟ್ಟಿ ಬಿಟ್ಟು ಹೆಣ್ಣುಮಕ್ಕಳು ಓಡಿ ಬರುತ್ತಿದ್ದರು. ಇವನೋ, ಒಂದು ಸೀರೆ ಎಡ ಹೆಗಲಿಗೆ, ಒಂದು ಬಲ ಹೆಗಲಿಗೆ ಹಾಕಿಕೊಂಡು, ಮೂರನೆಯದರ ಸೆರಗನ್ನು ತಲೆ ಮೇಲೆ ಹೊದ್ದು, ಹಿಂದೆ ಮುಂದೆ ತಿರುಗಿ ತೋರಿಸುವವ. "ನಿಮ್ಮ ಕಾಕಾ ಮೈಮ್ಯಾಲ ಹಾಕ್ಕೊಂಡಷ್ಟು ಸೀರಿ ನಾ ಹುಟ್ಟಿದಾಗಿಂದ ಉಟ್ಟಿಲ್ಲ" ಅಂತ ಕಾಕು ಬಂದವರ ಮುಂದೆಲ್ಲ ಹೇಳುತ್ತಾಳೆ.

ಇಂಥವನ ಎದೆಯಲ್ಲಿ ಒಂದೇ ಒಂದು ಆಸೆ ಕೂತಿತ್ತು. ಗಾದಿ! ರಬಕವಿ ಪ್ಯಾಟಿಯಲ್ಲಿ ಒಂದು ಅಂಗಡಿ, ಅದರಲ್ಲಿ ಬಿಳಿ ಹೊದಿಕೆ ಹಾಸಿದ ಒಂದು ಗಾದಿ, ಅದರ ಮೇಲೆ ತಾನು. "ಹುಡುಗ ಇದ್ದಾಗಿಂದ ಮಂದಿ ಮನಿ ಮೆಟ್ಟಲಾ ಹತ್ತೇನಿ. ಸಾಯೂದ್ರಾಗ ಮಂದಿ ನನ್ನ ಮೆಟ್ಟಲಾ ಹತ್ತಬೇಕು" ಅನ್ನುತ್ತಿದ್ದ. ಇದನ್ನು ಅವನು ನಗುತ್ತ ಹೇಳುತ್ತಿದ್ದ, ನಾವೂ ನಗುತ್ತ ಕೇಳುತ್ತಿದ್ದೆವು. ಆದರೆ ಹೇಳಿದ ಮೇಲೆ ಸೀರೆಯ ಗಂಟನ್ನು ಮತ್ತೊಮ್ಮೆ ಬಿಗಿದು ಕಟ್ಟುತ್ತಿದ್ದ.

ಕಡೆಗೂ ಕಾಲ ಕೂಡಿ ಬಂತು. ಪ್ಯಾಟಿಯಲ್ಲಿ ಹಳೇ ಸೀರೆ ಅಂಗಡಿಯ ಸಾವಕಾರರು ಒಬ್ಬರಿದ್ದರು. ಮೂವರೂ ಹೆಣ್ಣುಮಕ್ಕಳು ಲಗ್ನವಾಗಿ ಹೋಗಿದ್ದರು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಅಂಗಡಿ ಮಾರುತ್ತೇನೆ ಅಂದರು. ಕಾಕಾ ಇದ್ದಬಿದ್ದದ್ದನ್ನೆಲ್ಲ ಕೂಡಿಸಿ ಹೂಂ ಅಂದ. ಪಂಚಾಂಗ ನೋಡಿ ಒಳ್ಳೇ ದಿನ ತೆಗೆಸಿದ. ಕಾಕಾ ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗುವವನಲ್ಲ. ಆದರೆ ನೋಂದಣಿ ಕಚೇರಿಯ ಕಂಪ್ಯೂಟರಿಗೆ ಪಂಚಾಂಗ ಯಾರು ಕಲಿಸಬೇಕು? ಒಳ್ಳೇ ದಿನವೆಲ್ಲ ಸರ್ವರ್ ಡೌನ್. ಮರುದಿನವೂ ಡೌನ್. ಸರ್ವರ್ ಎದ್ದು ಕೂತದ್ದು ಸರಿಯಾಗಿ ಅಮಾವಾಸ್ಯೆಯ ದಿನ!

ಕಾಕಾ ಬೆವೆತುಹೋದ. ಕಾಗದಕ್ಕೆ ಹೆಬ್ಬೆಟ್ಟು ಒತ್ತಲೇಬೇಕಾಯಿತು, ಒತ್ತಿದ. ಸಂಜೆ ಅಂಗಡಿಯ ಮುಂದೆ ಸಾವಕಾರರು ಟೆಂಗಿನಕಾಯಿ, ಎಲೆ ಅಡಿಕೆಯ ಜೊತೆ ಕೀಲಿಕೈಯನ್ನು ಕಾಕಾನ ಅಂಗೈಯಲ್ಲಿಟ್ಟರು. ಕಾಕಾ ಅದನ್ನು ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡು ತಿರುಗಿ ಅವರ ಕೈಯಲ್ಲೇ ಇಟ್ಟ.

"ಅಮಾಸಿ ದಿನ ಒಳಗ ಕಾಲ ಇಡೂದಿಲ್ಲರಿ ಸಾವಕಾರ. ಸೋಮವಾರ ಮುಂಜಾನಿ ಬಂದು ತಗೋತೇನಿ. ಅಲ್ಲೀಮಟ ನಿಮ್ಮ ಕಡೆನs ಇರಲಿ."

ಇಡೀ ಪ್ಯಾಟಿ ಇದನ್ನು ಕಣ್ಣಾರೆ ಕಂಡಿತು.

ಸೋಮವಾರ ಕಾಕಾ ಹೊಸ ಅಂಗಿ ತೊಟ್ಟು, ಆರತಿ ತಟ್ಟೆ ಹಿಡಿದ ಕಾಕುವನ್ನು ಕರೆದುಕೊಂಡು ಹೋದರೆ ಅಂಗಡಿಯಲ್ಲಿ ಏನು ಕಾಣಬೇಕು? ಊದಿನಕಡ್ಡಿ ಹಚ್ಚಿದೆ. ಸಾವಕಾರರು ಗಾದಿಯ ಮೇಲಿದ್ದಾರೆ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದಾರೆ.

"ಬಾ ಬಾ, ಚಾ ಕುಡಿ."

"ಕೀಲಿಕೈರಿ?"

"ದೀಪಾವಳಿ ಪೂಜಿ ಒಂದು ಆಗಲೋ. ಇಷ್ಟ ವರ್ಷ ಮಾಡೇನಿ, ಕಡೀದು ಒಂದು ಮಾಡ್ತೇನಿ."

ಆರತಿ ತಟ್ಟೆ ಹಿಡಿದು ಬಂದವರು ಚಹಾ ಕುಡಿದು ಮನೆಗೆ ಹೋದರು. ದೀಪಾವಳಿ ಆಯಿತು. "ಲಗ್ನದ ಸುಗ್ಗಿ ಮುಗೀಲಿ" ಅಂದರು. ಸುಗ್ಗಿ ಮುಗಿಯಿತು. ಆಮೇಲೆ ಒಂದು ದಿನ ಸಾವಕಾರರು ಮುಖ ಬೇರೆ ಕಡೆ ಮಾಡಿ, "ಕೀಲಿಕೈ ನೀನs ತಿರುಗಿ ಕೊಟ್ಟಿ. ತಿರುಗಿ ಕೊಟ್ಟಿ ಅಂದ್ರ ವ್ಯವಹಾರ ಮುರದಂಗಲ್ಲೇನು?" ಅಂದುಬಿಟ್ಟರು. ಕಾಕಾ ಅಂಗಡಿಯ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟ.

ದಾವೆ ಹೂಡುವ ದಿನ ವಕೀಲರ ಮುಂದೆ ನಾನೂ ಇದ್ದೆ.

"ಖರೀದಿ ಪತ್ರ ನಿಮ್ಮ ಹೆಸರಲೇ ಐತಿ. ಅಂಗಡಿ ಕಬ್ಜಾ ಕೊಟ್ಟೇವಂತನೂ ಬರದೈತಿ. ಮತ್ತ ಕೀಲಿಕೈ ಯಾಕ ತಿರುಗಿ ಕೊಟ್ರಿ?"

"ಅಮಾಸಿ ಇತ್ತರಿ."

ವಕೀಲರು ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, "ಇನ್ನೊಮ್ಮೆ ಹೇಳ್ರಿ" ಅಂದರು.

"ಅಮಾಸಿರಿ. ಮ್ಯಾಲ ಶನಿವಾರ ಬ್ಯಾರೆ."

ಹೀಗೆ ಶುರುವಾಯಿತು ನಮ್ಮ ಮನೆಯ ಪಾಡು. ನಮ್ಮ ಮನೆ ಬನಹಟ್ಟಿಯಲ್ಲಿ, ಕೋರ್ಟಿಗೆ ಹತ್ತಿರ. ಕೇಸಿನ ತಾರೀಖು ಇದ್ದಾಗಲೆಲ್ಲ ಕಾಕಾನ ಊಟ ನಮ್ಮಲ್ಲೇ. ಇರಲಿ, ಸ್ವಂತ ಕಾಕಾ. ಆದರೆ ಎರಡನೇ ತಾರೀಖಿಗೆ ಬಾಗಿಲು ತೆಗೆದು ನೋಡುತ್ತೇನೆ, ಕಾಕಾನ ಹಿಂದೆ ಕೋಲೂರಿಕೊಂಡು ಸಾವಕಾರರು ನಿಂತಿದ್ದಾರೆ!

ನನ್ನ ಹೆಂಡತಿ ಕಾಕಾನನ್ನು ಅಡುಗೆಮನೆಗೆ ಕರೆದಳು. "ಕಾಕಾರ, ಇವರ ಮ್ಯಾಲಲ್ಲೇನ್ರಿ ನೀವು ಕೇಸ್ ಹಾಕಿದ್ದು?"

"ಹೂನವಾ. ಅದಕ್ಕ ಅಂವಾ ಉಪಾಸ ಇರಬೇಕೇನು? ಸಕ್ಕರಿ ಬ್ಯಾನಿ ಐತಿ, ಖಾನಾವಳಿ ಊಟ ಹೊಂದೂದಿಲ್ಲ. ಎರಡ ರೊಟ್ಟಿ ಹೆಚ್ಚಿಗಿ ಬಡಿ."

ಬಡಿದಳು. ಅವತ್ತಿನಿಂದ ಪ್ರತಿ ತಾರೀಖಿಗೂ ಬಡಿದಳು. ವಾದಿ ಪ್ರತಿವಾದಿ ಎದುರುಬದುರು ಕೂತು ಹೆಸರುಕಾಳು ಪಲ್ಯದಲ್ಲಿ ರೊಟ್ಟಿ ಮುರಿಯುತ್ತ ಅವತ್ತಿನ ಕಲಾಪ ಚರ್ಚಿಸುವರು.

"ನಿನ್ನ ವಕೀಲ ಇವತ್ತ ಭಾಳ ಛಲೋ ಮಾತಾಡಿದ."

"ನಿಮ್ಮಂವ ಏನ ಕಡಿಮಿ ಅದಾನರಿ? ನನಗನs ಒಂದ ಗಳಿಗಿ, ಅಂಗಡಿ ನಿಮ್ದs ಏನೋ ಅನಸ್ತು."

"ನಂದs ಐತಲ್ಲೋ."

"ಮಜ್ಜಿಗಿ ಕುಡೀರಿ, ಸುಮ್ನ."

ಇದು ಕಾಕಾನ ವಕೀಲರ ಕಿವಿಗೆ ಬಿತ್ತು. ಎದುರು ಪಾರ್ಟಿಯ ಜೊತೆ ಮಾತಾಡಬಾರದು, ಜೊತೆಗೆ ಕೂರಬಾರದು ಅಂತ ಗದರಿದರು. ಕಾಕಾ ವಕೀಲರ ಮಾತು ಮೀರುವವನಲ್ಲ. ರಬಕವಿಗೆ ಹೋಗುವ ಬಸ್ಸಿನಲ್ಲಿ ಸಾವಕಾರರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಕಟ್ಟಕಡೆಯ ಸೀಟಿನಲ್ಲಿ ಕೂತ. ಅಲ್ಲಿಂದಲೇ, "ಮಾತ್ರಿ ತಗೊಂಡ್ರಿಲ್ಲೋ?" ಅಂತ ಕೂಗಿದ. "ತಗೊಂಡೆ" ಅಂತ ಅವರು ಮುಂದಿನಿಂದ ಕೂಗಿದರು. ಅವತ್ತಿನಿಂದ ಇಬ್ಬರ ಮನೆಯ ಸುದ್ದಿಯೂ ಬಸ್ಸಿನವರಿಗೆಲ್ಲ ಬಾಯಿಪಾಠವಾಯಿತು.

ಅಂಗಡಿ ಕೈಗೆ ಬಾರದಿದ್ದರೇನು, ಕಾಕಾನ ಮನಸ್ಸಿನಲ್ಲಿ ಅದು ಆಗಲೇ ಅವನದು. ಹಳ್ಳಿಗೆ ಹೋದಲ್ಲೆಲ್ಲ, "ರಬಕವ್ಯಾಗ ಅಂಗಡಿ ತಗೊಂಡೇನ್ರವಾ, ಬಂದು ನೋಡ್ರಿ" ಅಂತ ಹೇಳಿಬಂದ. ಬೀಳಗಿಯ ಕಡೆಯಿಂದ, ಮುಧೋಳದ ಕಡೆಯಿಂದ ಹೆಣ್ಣುಮಕ್ಕಳು ಬಸ್ಸಿಳಿದು ಬಂದೇ ಬಂದರು. ಒಳಗೆ ಹೋಗುವ ಹಾಗಿಲ್ಲವಲ್ಲ, ಇವನು ರಸ್ತೆಯ ಆಚೆ ಬದಿ ನಿಂತು ಬೊಟ್ಟು ಮಾಡಿ ತೋರಿಸುವನು. ಅವರು ನೋಡಿ ಸಂತೋಷಪಟ್ಟು, ಬಂದದ್ದು ಬಂದಿದ್ದೇವೆ ಅಂತ ಒಳಗೆ ಹೋಗಿ ಸಾವಕಾರರ ಹತ್ತಿರ ಸೀರೆ ಕೊಂಡು ಹೋಗುವರು. ಆ ವರ್ಷ ಅಂಗಡಿ ಹಿಂದೆಂದೂ ಇಲ್ಲದ ಹಾಗೆ ನಡೆಯಿತು. "ನಿನ್ನ ಅಂಗಡಿ ಭಾಳ ಛಲೋ ನಡದೈತಿ ನೋಡೋ" ಅಂದರಂತೆ ಸಾವಕಾರರು ಬಸ್ಸಿನ ಮುಂದಿನ ಸೀಟಿನಿಂದ.

ಮಳೆಗಾಲದಲ್ಲಿ ಅಂಗಡಿಯ ಮಾಳಿಗೆ ಸೋರತೊಡಗಿತು. ಸಾವಕಾರರಿಂದ ಹೇಳಿಕೆ ಬಂತು: "ಮಾಲಕ ನೀ. ಸೋರೂದು ನೀ ನೋಡಬೇಕು." ಬೇರೆ ಯಾರಾದರೂ ಆಗಿದ್ದರೆ ಸೋರಿ ಸಾಯಲಿ ಅನ್ನುತ್ತಿದ್ದರು. ನಮ್ಮ ಕಾಕಾ? ಮಾಲಕ ಅನ್ನುವ ಒಂದು ಶಬ್ದಕ್ಕೆ ಹಿಗ್ಗಿ, ಡಾಂಬರಿನ ಡಬ್ಬಿ ಹಿಡಿದುಕೊಂಡು, ನನ್ನನ್ನೂ ಕರೆದುಕೊಂಡು ಹೊರಟ. ಮಳೆ ಹನಿಯುತ್ತಿತ್ತು. ಅರವತ್ತು ದಾಟಿದ ಕಾಕಾ ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಬೋರಲು ಬಿದ್ದು ಬಿರುಕಿಗೆ ಡಾಂಬರು ಮೆತ್ತುತ್ತಿದ್ದರೆ, ಕೆಳಗೆ ಸಾವಕಾರರು ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ನಿಚ್ಚಣಿಕೆ ಹಿಡಿದು, "ಹುಷಾರೋ, ಬಿದ್ದು ಸತ್ತಿ ಅಂದ್ರ ನಾ ಯಾರ ಕೂಡ ಕೇಸ್ ಆಡಲಿ?" ಅಂತ ಒದರುತ್ತಿದ್ದರು.

ಕೇಸು ತಿರುಗಿದ್ದು ಇದೇ ಡಾಂಬರಿನಿಂದ. ಸಾವಕಾರರ ಪಾಟೀ ಸವಾಲಿನ ದಿನ ನಾನು ಕೋರ್ಟಿನ ಹಿಂದಿನ ಬೆಂಚಿನ ಮೇಲಿದ್ದೆ. ವ್ಯವಹಾರ ಮುರಿದಿದೆ, ಅಂಗಡಿ ತಮ್ಮದೇ ಅನ್ನುವುದು ಅವರ ವಾದ. ಅವರ ವಕೀಲರು ವಾರಗಟ್ಟಲೆ ಪಾಠ ಹೇಳಿಕೊಟ್ಟಿದ್ದರು. ಕಾಕಾನ ವಕೀಲರು ಎದ್ದು ಸಹಜವಾಗಿ ಕೇಳಿದರು: "ಮಳಿಗಾಲದಾಗ ಅಂಗಡಿ ಸೋರತಿತ್ತಲ್ಲರಿ, ಯಾರು ರಿಪೇರಿ ಮಾಡಿದ್ರು?"

ಸಾವಕಾರರು ಕಾಕಾನ ಕಡೆ ಕೈ ತೋರಿಸಿದರು. "ಅವನs ರೀ."

"ಅವರು ಯಾಕ ಮಾಡಿದ್ರು?"

"ಮತ್ತ ಯಾರ ಮಾಡಬೇಕ್ರಿ? ಮಾಲಕ ಅಂವ ಅಲ್ಲೇನು?"

ಸಾವಕಾರರ ವಕೀಲರು ಹಣೆಗೆ ಕೈ ಹಚ್ಚಿಕೊಂಡರು. ಜಡ್ಜ್ ಸಾಹೇಬರು ಮುಖ ತಗ್ಗಿಸಿ ಬರೆಯತೊಡಗಿದರು, ಅವರ ಭುಜ ಅಲುಗುತ್ತಿತ್ತು. ಸಾವಕಾರರು ಮಾತ್ರ ತಾವೇನು ಹೇಳಿದೆವೆಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದರು. ತಿಳಿದ ಮೇಲೆ ನಮ್ಮ ಮನೆಗೆ ಊಟಕ್ಕೆ ಬಂದರು, ಆದರೆ ರೊಟ್ಟಿ ಮುರಿಯಲಿಲ್ಲ. ಕಾಕಾನೂ ಮುರಿಯಲಿಲ್ಲ. ನನ್ನ ಹೆಂಡತಿ ಎರಡೂ ತಾಟು ಹಾಗೇ ಒಳಗೊಯ್ದಳು.

ಮುಂದೆ ಕಾಕಾನ ಕಡೆ ತೀರ್ಪಾಯಿತು. ಕಬ್ಜಾ ಕೊಡಿಸಲು ಕೋರ್ಟಿನ ಬೇಲೀಫ್ ಬರುವ ದಿನ ಬಂತು. ಕಾಕಾ ಪಂಚಾಂಗ ತೆರೆಯಲಿಲ್ಲ. ಕಾಕು ತಾನೇ ನೋಡಿ, "ಇವತ್ತ ದಿನ ಛಲೋ ಇಲ್ಲ" ಅಂದದ್ದಕ್ಕೆ, "ಬಾಯಿ ಮುಚ್ಚು" ಅಂದ, ನೋಟೀಸಿಲ್ಲದೆ.

ಪ್ಯಾಟಿಗೆ ಪ್ಯಾಟಿಯೇ ನೆರೆದಿತ್ತು. ಜಗಳವಾಗುತ್ತದೆಂದು ಕೆಲವರು ಜಾಗ ಹಿಡಿದು ನಿಂತಿದ್ದರು. ಏನೂ ಆಗಲಿಲ್ಲ. ಸಾವಕಾರರ ಅಳಿಯಂದಿರು ಹಿಂದಿನ ದಿನವೇ ಮಾಲು ತುಂಬಿಕೊಂಡು ಹೋಗಿದ್ದರು. ಬರಿದಾದ ಕಪಾಟು, ಬರಿದಾದ ಗಾದಿ. ಬೇಲೀಫರು ಹೇಳಿದಲ್ಲಿ ಸಾವಕಾರರು ಸಹಿ ಮಾಡಿ, ಗೋಡೆ ಹಿಡಿದು ಮೆಟ್ಟಿಲಿಳಿದು, ಹೊರಗಿನ ಕಟ್ಟೆಯ ಮೇಲೆ ಕೂತರು. ಅಳಿಯ ಗಾಡಿ ತರಲು ಹೋಗಿದ್ದ.

ಕಾಕಾ ಒಳಗೆ ಹೋದ. ಗಾದಿಯ ಅಂಚಿನಲ್ಲಿ ತನ್ನ ಗಂಟು ಇಟ್ಟ. ಇಟ್ಟು, ಪಕ್ಕದಲ್ಲಿ ನಿಂತ.

ಅಷ್ಟರಲ್ಲಿ ರನ್ನ ಬೆಳಗಲಿಯ ಒಬ್ಬ ಹೆಣ್ಣುಮಗಳು, ಕಾಕಾನ ಹಳೇ ಗಿರಾಕಿ, ಮೆಟ್ಟಿಲು ಹತ್ತಿ ಬಂದಳು. ಮಗಳ ಸೀಮಂತಕ್ಕೆ ಸೀರೆ ಬೇಕಂತೆ. ಕಾಕಾ ಗಡಬಡಿಸಿ ಗಂಟು ಬಿಚ್ಚಿದ. ಒಂದು ಸೀರೆ ಎಡ ಹೆಗಲಿಗೆ, ಒಂದು ಬಲ ಹೆಗಲಿಗೆ. ಅಂಗಡಿಯ ನಡುವೆ ನಿಂತು ಹಿಂದೆ ಮುಂದೆ ತಿರುಗತೊಡಗಿದ.

"ಅಣ್ಣಾ, ಅಂಗಡಿ ನಿಂದs ಹೌದಲ್ಲೋ? ಕುಂಡ್ರಲಾ" ಅಂದಳು ಅವಳು.

ಕಾಕಾ ಗಾದಿಯ ಕಡೆ ನೋಡಿದ. ಒಂದು ಮೊಣಕಾಲು ಊರಿದ, ಮತ್ತೆ ಎದ್ದ. ತುದಿಯಲ್ಲಿ ಕೂತ, ಜಾರಿ ಎದ್ದ. ಇಷ್ಟು ವರ್ಷ ನಿಂತ ಕಾಲು, ಅದಕ್ಕೆ ಕೂರುವುದು ಹೇಗೆಂದೇ ಗೊತ್ತಿರಲಿಲ್ಲ. ಪ್ಯಾಟಿ ನಕ್ಕಿತು. ನನಗೂ ನಗು ಬಂತು, ಆಮೇಲೆ ಬರಲಿಲ್ಲ, ಯಾಕೆಂದರೆ ಕಾಕಾ ಗಾದಿಗೆ ಬೆನ್ನು ಮಾಡಿ ನಿಂತುಬಿಟ್ಟಿದ್ದ.

ಕಟ್ಟೆಯ ಮೇಲಿನಿಂದ ಸಾವಕಾರರು ಎದ್ದರು. ಕೋಲೂರಿ, ಆಗಷ್ಟೇ ಇಳಿದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಒಳಗೆ ಬಂದರು. ಕಾಕಾನ ಹೆಗಲಿನ ಸೀರೆ ಎರಡನ್ನೂ ತೆಗೆದು ಕೆಳಗಿಟ್ಟು, ಆ ಹೆಗಲ ಮೇಲೆ ಕೈಯಿಟ್ಟು ಒತ್ತಿದರು.

"ಎಡಗಾಲ ಮಡಚು. ಬಲಗಾಲ ಮುಂದ ನೀಡು. ದಿಂಬು ಬೆನ್ನಿಗಲ್ಲ, ಮೊಳಕೈಗೆ. ಗಿರಾಕಿ ಬಂದ್ರ ನೀ ಏಳಬಾರದು, ಅವರನ್ನ ಕುಂಡ್ರಸಬೇಕು. ಹಾಂ, ಹಂಗ."

ಕಾಕಾ ಕೂತ. ಸಾವಕಾರರು ಒಂದು ಹೆಜ್ಜೆ ಹಿಂದೆ ಸರಿದು, ಸರಿಯಾಗಿ ಕೂತನೋ ಇಲ್ಲವೋ ನೋಡಿದರು. ಹೊರಗೆ ಅಳಿಯನ ಗಾಡಿ ಬಂದು ಹಾರ್ನು ಹೊಡೆಯಿತು. ಅವರು ಅತ್ತ ತಿರುಗಲಿಲ್ಲ. ನೋಯುವ ಮೊಣಕಾಲು ಬಗ್ಗಿಸಿ, ಆ ಹೆಣ್ಣುಮಗಳ ಪಕ್ಕದಲ್ಲಿ, ಗಿರಾಕಿಗಳು ಕೂರುವ ಜಾಗದಲ್ಲಿ ಕೂತರು. ಆ ಅಂಗಡಿಯಲ್ಲಿ ಅವರು ಅಲ್ಲಿ ಕೂತದ್ದು ಅದೇ ಮೊದಲು.

"ಸಾವಕಾರ್ರ," ಅಂದರು, "ನಮ್ಮ ಮನ್ಯಾಕಿಗೂ ಒಂದು ಕೆಂಪ ದಡೀ ಸೀರಿ ತೋರಸ್ರಿ. ಸಾವಕಾಶ ತೋರಸ್ರಿ, ಅವಸರಿಲ್ಲ."

ಕಾಕಾ ಹಿಂದಕ್ಕೆ ತಿರುಗಿ ನೋಡಿದ, ಯಾರನ್ನು ಕರೆದರೆಂದು.