ತೋರಿಸುವ ಸಿಲಿಂಡರು

ಗಂಡನ ಮಣ್ಣಿಗೆ ಬಂದ ನೆಂಟರೆಲ್ಲ ತಮ್ಮ ತಮ್ಮ ಊರು ಸೇರಿಕೊಂಡ ಮೇಲೆ, ನಬುಕೀರಾ ಮೊದಲ ಸಲ ಒಬ್ಬಳೇ ಅಂಗಡಿಗೆ ಹೊರಟಳು. ಯಾರೂ ಸತ್ತೇ ಇಲ್ಲವೇನೋ ಎನ್ನುವ ಹಾಗೆ ಕಂಪಾಲಾದ ಬೀದಿಗಳು ಗಿಜಿಗುಡುತ್ತಿದ್ದವು. ಆರ್ಕೇಡು ಎಂಬ ಅಂಗಡಿ ಕಟ್ಟಡದ ಮೇಲಿನ ಮಹಡಿಯಲ್ಲಿ ಶಟರ್ ಎತ್ತಿದರೆ ಎಲ್ಲ ಇದ್ದ ಹಾಗೇ ಇತ್ತು. ಸಮವಸ್ತ್ರದ ನೀಲಿ ಬಟ್ಟೆಯ ಥಾನುಗಳು, ಹೊಲಿಗೆ ಯಂತ್ರ, ಮೊಳೆಗೆ ನೇತುಬಿದ್ದ, ತೀರಿಹೋದ ಗಂಡ ಬೊಸಾನ ಕೋಟು. ಕೋಟಿನ ಕಡೆ ಅವಳು ನೋಡಲಿಲ್ಲ. ಸೋಮವಾರ ಶಾಲೆಗಳು ಶುರು. ವರ್ಷದ ಅನ್ನವೆಲ್ಲ ಈ ವಾರದ ಹೊಲಿಗೆಯಲ್ಲೇ ಹುಟ್ಟಬೇಕು.

ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಪಕ್ಕದ ಚಪ್ಪಲಿ ಅಂಗಡಿಯ ನಾಲೊಂಗೊ ಒಳಗೆ ಬಂದಳು. ಅವಳಿ ಮಕ್ಕಳನ್ನು ಹೆತ್ತವಳೆಂದು ಎಲ್ಲರೂ ನಾಲೊಂಗೊ ಎಂದೇ ಕರೆದೂ ಕರೆದೂ, ಸ್ವಂತ ಹೆಸರು ಅವಳಿಗೇ ಮರೆತಂತಿತ್ತು.

"ಬಂದ್ಯಾ ತಂಗಿ? ಏನಾದ್ರೂ ತಿಂದ್ಯಾ? ರಾತ್ರಿ ಅತ್ಯಾ?" ಎಂದು ಒಂದೇ ಉಸಿರಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲ ಹಿಂದೆ ಇಣುಕಿದಳು. "ಆ ಬೆಂಕಿ ಆರಿಸೋ ಕೆಂಪು ಸಿಲಿಂಡರು ಇದೆ ತಾನೆ? ಸದ್ಯ! ಬೊಸಾ ನನ್ನ ಹತ್ರ ಇಸ್ಕೊಂಡು ಬಂದಿದ್ದ."

ನಬುಕೀರಾಗೆ ರೇಗಿತು. "ಹೂಳುವ ಮುಂಚೆ ಕುಲದ ಹಿರಿಯರು ಅಷ್ಟು ಸಲ ಕೂಗಿ ಕೇಳಿದ್ರಲ್ಲ, ಸತ್ತವನ ಹತ್ರ ಯಾರದ್ದಾದ್ರೂ ವಸ್ತು ಇದ್ರೆ ಈಗಲೇ ಹೇಳಿ ಅಂತ. ನೀವು ಮುಂದೇನೇ ಕೂತಿದ್ರಿ. ಯಾಕೆ ಹೇಳ್ಲಿಲ್ಲ?"

"ಬಾಯ್ತುಂಬ ಮಾಂಸ ಇತ್ತು ತಂಗಿ."

"ತಗೊಂಡು ಹೋಗಿ ಈಗ."

"ಅಯ್ಯೋ, ಈಗ ಬೇಡ! ಇವತ್ತು ಅಗ್ನಿಶಾಮಕ ಠಾಣೆಯ ಸಾಹೇಬ, ಅಫಂಡೆ, ತಪಾಸಣೆಗೆ ಬರ್ತಾನೆ. ಮೊದಲು ನಿನ್ನ ಅಂಗಡಿ ನೋಡ್ತಾನೆ. ಅವನು ಬೆನ್ನು ತಿರುಗಿಸಿದ ಕೂಡಲೇ ಹಿಂದಿನ ಕಿಟಕಿಯಿಂದ ನನಗೆ ದಾಟಿಸು. ನಾನು ಕೆಳಗಿನ ಹಾಜಿಗೆ ದಾಟಿಸ್ತೀನಿ, ಹಾಜಿ ಚೇರ್ಮನ್‌ಗೆ. ಪ್ರತಿ ವರ್ಷ ಹೀಗೇ."

"ಇಡೀ ಕಟ್ಟಡಕ್ಕೆ ಒಂದೇ ಸಿಲಿಂಡರಾ?"

"ಅಫಂಡೆನೂ ಒಬ್ನೇ ಅಲ್ವಾ!"

ನಬುಕೀರಾ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವಳು. ಈ ಬಗೆಯ ತರ್ಕವನ್ನು ಅಲ್ಲಿ ಕಲಿಸಿರಲಿಲ್ಲ. ಸಿಲಿಂಡರು ಇಲ್ಲದ ಅಂಗಡಿಯನ್ನು ಅಫಂಡೆ ಮುಚ್ಚಿಸಿ ಮೊಹರು ಹಾಕುತ್ತಾನೆ, ಅದು ಅವಳಿಗೆ ಗೊತ್ತಿತ್ತು. ಆದರೆ ಎರವಲು ತಂದದ್ದನ್ನು ಇಟ್ಟುಕೊಂಡೇ ಹೋದ ಎಂಬ ಮಾತು ಬೊಸಾನ ಗೋರಿಯ ಮೇಲೆ ಕೂರಬಾರದು. ಅಫಂಡೆಗೆ ನಿಜ ಹೇಳಿ ಒಂದು ವಾರ ಗಡುವು ಕೇಳಿದರಾಯಿತು. ಅವಳು ಸಿಲಿಂಡರನ್ನು ಎತ್ತಿ ನಾಲೊಂಗೊಳ ಚಪ್ಪಲಿಗಳ ನಡುವೆ ಇಟ್ಟಳು.

ನಾಲೊಂಗೊ ಹಾವು ಕಂಡವಳಂತೆ ಹಿಂದೆ ಸರಿದಳು. "ನನ್ನ ಅಂಗಡೀಲಿ ಯಾಕೆ ಇಡ್ತೀಯ? ಇದು ನನ್ನದೆಲ್ಲಿ? ನಾನೂ ಹಾಜಿ ಹತ್ರ ತಂದದ್ದು."

ಬೆಳೆದ ಹಂದಿಮರಿಯನ್ನು ಅವಚಿಕೊಂಡವಳಂತೆ ನಬುಕೀರಾ ಸಿಲಿಂಡರು ಹೊತ್ತು ಮೆಟ್ಟಿಲಿಳಿದಳು. ಮೆಟ್ಟಿಲಿನ ಅರ್ಧವನ್ನು ಹಳೆ ಬಟ್ಟೆಯ ಮೂಟೆಗಳು ಆಕ್ರಮಿಸಿದ್ದವು. ಬೆಂಕಿ ಬಿದ್ದರೆ ಓಡಿಹೋಗಲೆಂದು ಇಟ್ಟ ಬಾಗಿಲಿಗೆ ಯಾರೋ ಬೊಂಬೆಗಳನ್ನು ಒರಗಿಸಿ ಪ್ಯಾಂಟು ತೊಡಿಸಿದ್ದರು. ಮರಳಿನ ಬಕೆಟ್ಟಿನಲ್ಲಿ ಈರುಳ್ಳಿ ಹೂ ಸೊಗಸಾಗಿ ಬೆಳೆದಿತ್ತು.

ಹಾಜಿ ಕಿಬೆರು ಫೋಮ್ ಹಾಸಿಗೆಗಳ ಬೆಟ್ಟದ ಬುಡದಲ್ಲಿ ಇದ್ದಿಲೊಲೆ ಇಟ್ಟುಕೊಂಡು ಚಹಾ ಕಾಯಿಸುತ್ತಿದ್ದ. ಸಿಲಿಂಡರನ್ನು ಕಂಡು ಗಾಬರಿಯಾಗಿ ಎದ್ದ. "ಇದೇನು ನ್ಯಾಬೊ, ಅಮ್ಮಾವ್ರೇ, ಇಷ್ಟು ಬೇಗ ಇಳಿಸಿಬಿಟ್ರಿ? ಅಫಂಡೆ ಇನ್ನೂ ಬಂದೇ ಇಲ್ಲ!"

ಎದ್ದ ಭರಕ್ಕೆ ಅವನ ಉದ್ದನೆಯ ಅಂಗಿ ಒಲೆಗೆ ತಾಗಿತು. ಒಲೆ ಮಗುಚಿತು. ಕೆಂಡವೊಂದು ಉರುಳಿ ಹಾಸಿಗೆಯ ಅಂಚಿಗೆ ಹೋಗಿ ಕೂತಿತು. ಹೊಗೆ ಎದ್ದಿತು, ಹಿಂದೆಯೇ ಜ್ವಾಲೆ.

"ಬೆಂಕಿ!" ಎಂದ ಹಾಜಿ.

ನಬುಕೀರಾ ಸಿಲಿಂಡರಿನ ಪಿನ್ನು ಕಿತ್ತು, ಕೊಳವೆ ಹಿಡಿದು, ಮೈಯ ಶಕ್ತಿಯನ್ನೆಲ್ಲ ಹಾಕಿ ಒತ್ತಿದಳು. ಊಟ ಮುಗಿಸಿದ ಮುದುಕ ತೇಗಿದ ಹಾಗೆ ಒಂದು ಸದ್ದಾಯಿತು. ಚಿಟಿಕೆಯಷ್ಟು ಬಿಳಿ ಪುಡಿ ಉದುರಿತು. ಮುಗಿಯಿತು.

ಹಾಜಿ ಚಹಾದ ಕೆಟಲನ್ನೇ ಎತ್ತಿ ಸುರಿದ. ಬೆಂಕಿ ಚುಸ್ಸೆಂದು ಆರಿತು. ಹಾಸಿಗೆಯಿಂದ ಶುಂಠಿಯ ಘಮ ಎದ್ದಿತು.

"ನೋಡಿದ್ರಾ ಹಾಜಿ? ಖಾಲಿ! ನಾವೆಲ್ಲ ಸುಟ್ಟು ಬೂದಿಯಾಗ್ತಿದ್ವಿ!"

ಹಾಜಿ ನೆಲದ ಮೇಲೆ ಬಿದ್ದ ಪಿನ್ನನ್ನು ನೋಡುತ್ತಿದ್ದ. ಪಿನ್ನಿಗೆ ಕಟ್ಟಿದ್ದ ಮುದ್ರೆ ಎರಡು ತುಂಡಾಗಿತ್ತು. ಅವನ ಮುಖ ಕೆಂಪೇರಿತು. "ಪಿನ್ ಯಾಕೆ ಕಿತ್ರಿ? ಯಾರು ಹೇಳಿದ್ರು ಕೀಳೋಕೆ? ಇದು ತೋರಿಸೋ ಸಿಲಿಂಡರು, ಆರಿಸೋದಲ್ಲ! ಇಷ್ಟು ವರ್ಷ ಜೋಪಾನ ಮಾಡಿದ್ವಿ, ಒಂದು ಗಳಿಗೇಲಿ ಹಾಳು ಮಾಡಿದ್ರಿ!"

"ನಿಮ್ಮ ಅಂಗಡೀನೇ ಉರೀತಿತ್ತು, ಹಾಜಿ!"

"ಉರೀಲಿ! ಅಂಗಡಿ ನನ್ನದು. ಸಿಲಿಂಡರು ಚೇರ್ಮನ್‌ದು!"

ಗದ್ದಲ ಕೇಳಿ ವ್ಯಾಪಾರಿಗಳ ಸಂಘದ ಚೇರ್ಮನ್ ಸೆಂಪಾಲಾ ಹೊಟ್ಟೆಯನ್ನು ಮುಂದೆ ಕಳಿಸಿ ಹಿಂದೆ ತಾನು ಬಂದ. ಮುರಿದ ಮುದ್ರೆ ನೋಡಿ ತಲೆಯ ಮೇಲೆ ಕೈ ಹೊತ್ತ. ಆಮೇಲೆ ಜೇಬಿನ ಪೆನ್ನು ಬಿಚ್ಚಿ, ರೀಫಿಲ್ಲನ್ನು ಪಿನ್ನಿನ ತೂತಿಗೆ ತುರುಕಿ, ತುಸು ದೂರದಿಂದ ನೋಡಿ ತೃಪ್ತನಾದ.

"ಗೊತ್ತಾಗಲ್ಲ ಬಿಡಿ. ಓಡಿ ನ್ಯಾಬೊ, ಮೇಲೆ ತಗೊಂಡು ಹೋಗಿ. ಅಫಂಡೆ ಗಾಡಿ ಬಂದಾಯ್ತು."

"ಇದು ನಿಮ್ಮದು. ನೀವೇ ಇಟ್ಕೊಳ್ಳಿ."

"ನನ್ನದಾ?" ಚೇರ್ಮನ್ ನಕ್ಕ. "ನನಗೆ ಇದನ್ನ ಮೊದಲು ಕೊಟ್ಟವನೇ ನಿಮ್ಮ ಗಂಡ. ಅವನು ಎಲ್ಲಿಂದ ತಂದನೋ, ದೇವರಿಗೇ ಗೊತ್ತು."

ನಬುಕೀರಾ ಸಿಲಿಂಡರನ್ನು ಅವಚಿಕೊಂಡು ಮತ್ತೆ ಮೆಟ್ಟಿಲು ಹತ್ತಿದಳು. ಹತ್ತುತ್ತಾ ಹತ್ತುತ್ತಾ ಸಿಟ್ಟು ಚೇರ್ಮನ್ನನ್ನು, ಹಾಜಿಯನ್ನು, ನಾಲೊಂಗೊಳನ್ನು ದಾಟಿ ಬೊಸಾನ ಮೇಲೆ ಹೋಯಿತು. ಅವನು ಹೋದ ಮೇಲೆ ಅವಳಿಗೆ ಅವನ ಮೇಲೆ ಬಂದ ಮೊದಲ ಸಿಟ್ಟು. ಜಗಳಕ್ಕೆ ಅವನೇ ಇರಲಿಲ್ಲ.

ಅಂಗಡಿಯ ಮುಂದೆ ಅಫಂಡೆ ಕತೆರೆಗ್ಗಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಬೊಸಾ ತನ್ನದೇ ಕುಲದವನೆಂದೂ, ಸಾವು ಬಹಳ ನೋವು ತಂದಿತೆಂದೂ ಹೇಳಿದ. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಹಾಜಿ, ಚೇರ್ಮನ್, ಪಕ್ಕದ ಅಂಗಡಿಯಿಂದ ಹೊರಬಂದ ನಾಲೊಂಗೊ, ಮೂವರೂ ದುಃಖದ ಮುಖ ಮಾಡಿ ನಿಂತರು.

ನಬುಕೀರಾ ನಿಜವನ್ನೆಲ್ಲ ಹೇಳಿಬಿಟ್ಟಳು. ಒಂದೇ ಸಿಲಿಂಡರು, ಅದೂ ಖಾಲಿ, ಕಿಟಕಿಯಿಂದ ಕಿಟಕಿಗೆ ದಾಟುತ್ತದೆ, ಯಾರದ್ದೆಂದು ಗೊತ್ತಿಲ್ಲ. ನಾಲೊಂಗೊ ಕಣ್ಣು ಮುಚ್ಚಿಕೊಂಡಳು.

ಅಫಂಡೆ ಬಗ್ಗಿ ಸಿಲಿಂಡರಿನ ಹೊಟ್ಟೆಯ ತಗ್ಗನ್ನು ಬೆರಳಿನಿಂದ ಸವರಿದ. ಮಗುಚಿ ತಳ ನೋಡಿದ. ಅವನ ಮುಖ ಅರಳಿತು.

"ಇದು ನಮ್ಮ ಠಾಣೆಯದು! ಆರ್ಕೇಡು ಶುರುವಾದ ವರ್ಷ ಬೊಸಾ, 'ಅಣ್ಣಾ, ಒಂದು ದಿನದ ಮಟ್ಟಿಗೆ ಕೊಡು' ಅಂತ ನನ್ನಿಂದಲೇ ಇಸ್ಕೊಂಡಿದ್ದ. ನಾನೂ ಮರೆತೆ. ಪ್ರತಿ ಅಂಗಡೀಲೂ ಇದೇ ತಗ್ಗು ಕಂಡು, ಎಲ್ರೂ ಒಂದೇ ಕಡೆ ಕೊಂಡಿದ್ದಾರೆ, ಮಾರಿದವನು ಮೋಸ ಮಾಡಿದ್ದಾನೆ ಅಂದ್ಕೊಂಡಿದ್ದೆ. ಮೇಲಧಿಕಾರಿಗಳು ಠಾಣೆ ನೋಡೋಕೆ ಬಂದಾಗೆಲ್ಲ ನಾವು ಪಕ್ಕದ ಬೇಕರಿಯಿಂದ ಎರವಲು ತರ್ತಿದ್ವಿ!"

"ಹಾಗಾದ್ರೆ ತಗೊಳ್ಳಿ. ನಮ್ಮವರ ಸಾಲ ತೀರಿತು," ಎಂದಳು ನಬುಕೀರಾ.

"ದೊಡ್ಡ ಮನಸ್ಸು, ನ್ಯಾಬೊ." ಅಫಂಡೆ ಟೋಪಿ ಹಾಕಿಕೊಂಡ. ದನಿ ಸರ್ಕಾರದ್ದಾಯಿತು. "ಈಗ ತಪಾಸಣೆ. ನಿಮ್ಮ ಅಂಗಡಿಯ ಸಿಲಿಂಡರು ಎಲ್ಲಿ?"

ಅವಳು ಅವನನ್ನೇ ನೋಡಿದಳು. "ಒಂದು ವಾರ ಸಮಯ ಕೊಡಿ."

"ಕಾನೂನಿನಲ್ಲಿ ವಾರ ಇಲ್ಲ. ಇಲ್ಲ ಅಂದ್ರೆ ಮೊಹರು." ಅಫಂಡೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಆದ್ರೆ ನೀವು ನಮ್ಮ ಕುಲದ ಸೊಸೆ. ಬೇಕಿದ್ರೆ ಇದನ್ನೇ ಸಂಜೆತನಕ ಎರವಲು ಕೊಡ್ತೀನಿ. ಬಾಗಿಲ ಹಿಂದೆ ಇಡಿ, ನಾನು ನೋಡ್ತೀನಿ, ಬರ್ಕೋತೀನಿ."

ನೀಲಿ ಬಟ್ಟೆ ಮೇಜಿನ ಮೇಲೆ ಅರ್ಧ ಕತ್ತರಿಸಿ ಬಿದ್ದಿತ್ತು. ನಬುಕೀರಾ ಸಿಲಿಂಡರನ್ನು ಎತ್ತಿ, ರೀಫಿಲ್ಲು ಸಮೇತ, ಅಫಂಡೆಯ ಎರಡೂ ಕೈಗಳಿಗೆ ಹಾಕಿದಳು. ಅವನು ಜೋಲಿ ಹೊಡೆದ. ಅವಳು ಶಟರನ್ನು ತಾನೇ ಎಳೆದು ಬೀಗ ಹಾಕಿದಳು.

"ಮೊಹರು ನೀಟಾಗಿ ಹಾಕಿ," ಎಂದು ಹೇಳಿ ಹೊರಟಳು.

ಮೆಟ್ಟಿಲ ತಿರುವಿನಲ್ಲಿ ಮೂಟೆ ದಾಟುತ್ತಿದ್ದಾಗ ಹಿಂದಿನಿಂದ ನಾಲೊಂಗೊಳ ದನಿ ಕೇಳಿಸಿತು.

"ಅಫಂಡೆ, ಅವಳಿಗೆ ಬೇಡ ಅಂದ್ರೆ ನನಗಾದ್ರೂ ಕೊಡಿ, ಸಂಜೆತನಕ."

"ಮೊದಲು ನನ್ನ ಸರದಿ!" ಎಂದ ಹಾಜಿ.