ಫ್ರಿಜ್ಜು ಕೂರುವ ಸೀಟು

“ಅಲ್ಲ ಅಳಿಯಂದ್ರೇ, ಆ ಸೀಟು ತೆಗೆದ್ರೆ ಅಲ್ಲಿ ಯಾರು ಕೂರ್ತಾರೆ ಅಂತ ಕೇಳಿದೆ, ಅಷ್ಟೆ.”

“ಫ್ರಿಜ್ಜು ಕೂರುತ್ತೆ ಅತ್ತೆ.”

“ಫ್ರಿಜ್ಜಿಗೆ ಕಿಟಕಿ ಪಕ್ಕ ಬೇಕಂತಾ?”

ಗಾಡಿಯ ಕೆಳಗೆ ಮಲಗಿದ್ದ ಮೆಕ್ಯಾನಿಕ್ ನಕ್ಕ. ನಕ್ಕಿದ್ದು ಕೆಮ್ಮಿನ ಹಾಗೆ ಕೇಳಲಿ ಅಂತ ಮೇಲೆ ಎರಡು ಸಲ ಕೆಮ್ಮಿದ.

ಅತ್ತೆ ಕೂತಿದ್ದು ಗ್ಯಾರೇಜಿನ ಮೂಲೆಯಲ್ಲಿ, ಹಳೆಯ ಟೈರಿನ ಮೇಲೆ ಹಲಗೆಯಿಟ್ಟು ಮಾಡಿದ ಪೀಠದ ಮೇಲೆ. ಅವರು ನಿವೃತ್ತಿಯಾದ ಡ್ರಿಲ್ ಟೀಚರು. ಎತ್ತರದ, ಒಳ್ಳೆ ಮೈಕಟ್ಟಿನ ಹೆಂಗಸು. ಸೀಟಿ ಊದುವುದು ನಿಂತ ಮೇಲೆ ಓಡಾಟವೂ ನಿಂತು, ಮೈ ಇನ್ನಷ್ಟು ತುಂಬಿಕೊಂಡಿತ್ತು. ಆವತ್ತು ಅಳಿಯನ ಜೊತೆ ಗ್ಯಾರೇಜಿಗೆ ಬಂದಿದ್ದಕ್ಕೆ ಅವರು ಕೊಟ್ಟ ಕಾರಣ, ಮನೆಯಲ್ಲಿ ಹೊತ್ತು ಹೋಗಲ್ಲ ಅಂತ. ನಿಜವಾದ ಕಾರಣ ಆ ಸೀಟು.

ಅಳಿಯ ಹಲ್ಲಿನ ಡಾಕ್ಟರು. ಎದುರಿಗಿದ್ದವರ ಬಾಯಿಗೆ ಹತ್ತಿ ತುರುಕಿ, ಆಮೇಲೆ ಮಾತು ಶುರು ಮಾಡಿ ಅಭ್ಯಾಸವಾದ ಮನುಷ್ಯ. ಅತ್ತೆಯ ಎದುರು ಆ ಸೌಕರ್ಯ ಇರಲಿಲ್ಲ. ಮಕ್ಕಳನ್ನು ಶಾಲೆಗೆ ಬಿಡೋಕೆ, ತರಕಾರಿ ತರೋಕೆ ಅಂತ ಕೊಂಡಿದ್ದ ಮನೆಯ ದೊಡ್ಡ ಗಾಡಿ, ಅವನಿಗೆ ಕಾಡುದಾರಿಯ ಹುಚ್ಚು ಹಿಡಿದ ಮೇಲೆ ಈ ಶೆಡ್ಡು ಸೇರಿ, ದಿನಕ್ಕೊಂದು ಅಂಗ ಬೆಳೆಸಿಕೊಳ್ಳುತ್ತಾ ನಿಂತಿತ್ತು. ರಜೆ ಬಂದರೆ ಸಾಕು, ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಡಾಂಬರು ಮುಗಿಯುವ ಕಡೆಗೆ ಹೊರಡುವುದು ಅವನ ಯೋಜನೆ. ಮೊದಲ ಪ್ರವಾಸ ಮಾರನೆಯ ದಿನವೇ, ಗುಡ್ಡದಾಚೆಯ ಹಳ್ಳದ ದಡಕ್ಕೆ. ಬಂದಾಗಿನಿಂದ ಒಂದೊಂದನ್ನೂ ಮುಟ್ಟಿ ತೋರಿಸಿ ಅತ್ತೆಗೆ ವಿವರಿಸುತ್ತಿದ್ದ. ಬಾನೆಟ್ಟಿನ ಪಕ್ಕದಿಂದ ಮೇಲಕ್ಕೆ ಹೋಗಿದ್ದ ಕರಿ ಕೊಳವೆ ಗಾಡಿಯ ಮೂಗಂತೆ, ಹಳ್ಳ ದಾಟುವಾಗ ಎಂಜಿನ್ನಿಗೆ ಅದರಿಂದಲೇ ಉಸಿರಾಟವಂತೆ.

“ಗಾಡಿಗೇನೋ ಮೂಗು ಇಟ್ರಿ. ನೀರು ಅಲ್ಲಿ ತನಕ ಬಂದ್ರೆ ಒಳಗಿರೋರ ಗತಿ?”

“ಅಷ್ಟು ನೀರಿಗೆ ಇಳಿಯಲ್ಲ ಅತ್ತೆ.”

“ಹಾಗಿದ್ರೆ ಮೂಗ್ಯಾಕೆ?”

ಅಳಿಯ ಮುಂದಿನ ಬಂಪರ್ ತೋರಿಸಿದ. ಅಲ್ಲಿ ಉಕ್ಕಿನ ಹಗ್ಗ ಸುತ್ತಿದ ವಿಂಚ್ ಇತ್ತು. ಕೆಸರಲ್ಲಿ ಹೂತರೆ ಹಗ್ಗವನ್ನು ಮರಕ್ಕೆ ಕಟ್ಟಿ ಗುಂಡಿ ಒತ್ತಿದರಾಯಿತು, ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತೆ ಅಂದ. ಹೂತುಕೊಳ್ಳುವ ಕಡೆ ಯಾಕೆ ಹೋಗಬೇಕು ಅಂತ ಅತ್ತೆ ಕೇಳಿದರು. ಹೂತುಕೊಳ್ಳೋಕೇ ಹೋಗೋದು ಅಂತ ಅಳಿಯ ಹೇಳಿದ.

ಅಷ್ಟರಲ್ಲಿ ಮೆಕ್ಯಾನಿಕ್‌ಗೆ ಟೈರ್ ಅಂಗಡಿಯಿಂದ ಫೋನು ಬಂತು. ಅವನು ಮಲಗಿದ್ದಲ್ಲಿಂದಲೇ ಗಟ್ಟಿಯಾಗಿ ಹೇಳಿದ, “ಹೌದಣ್ಣ, ಡಾಕ್ಟ್ರಿಗೇ. ಅವರಿಗೆ ಒಂದು ಸ್ಟೆಪ್ನಿ ಸಾಲಲ್ವಂತೆ, ಇನ್ನೊಂದು ಬೇಕಂತೆ.”

ಅತ್ತೆ ಕನ್ನಡಕ ಸರಿ ಮಾಡಿಕೊಂಡರು. “ನನ್ನ ಮಗಳಿಗೆ ಗೊತ್ತಾ ಇದು?”

“ಅವಳೇ ಹೇಳಿದ್ದು ಅತ್ತೆ. ಒಂದು ಪಂಕ್ಚರ್ ಆದ್ರೆ ಇನ್ನೊಂದು ಇರ್ಲಿ ಅಂತ. ಚಕ್ರದ ವಿಷಯ, ಚಕ್ರದ್ದು.”

“ನಾನೂ ಚಕ್ರದ್ದೇ ಅಂದ್ಕೊಂಡೆ,” ಎಂದರು ಅತ್ತೆ, ಆದರೆ ಅಂದುಕೊಂಡಿರಲಿಲ್ಲ.

ಅತ್ತೆಗೆ ಇದೆಲ್ಲದರ ಜೊತೆ ಜಗಳವೇನೂ ಇರಲಿಲ್ಲ. ಮೂಗಿರಲಿ, ಹಗ್ಗವಿರಲಿ, ನೆತ್ತಿಯ ಮೇಲೆ ಹಾಸಿಗೆಯಂತೆ ಮಡಚಿ ಕೂರಿಸಿದ್ದ ಡೇರೆಯಿರಲಿ, ಅವರಿಗೇನು? ಹಿಂದಿನ ಸಾಲಿನಲ್ಲಿ ಮಕ್ಕಳಿಬ್ಬರಿಗೆ ಅಗಲದ ಸೀಟು, ಅದರ ಪಕ್ಕ ಒಂಟಿ ಸೀಟು. ಆ ಒಂಟಿ ಸೀಟು ಅತ್ತೆಯದು. ಪ್ರವಾಸದ ಪುಟ್ಟ ಫ್ರಿಜ್ಜಿಗೆ ಜಾಗ ಮಾಡೋಕೆ ಅದು ಹೋದರೆ ಅವರೂ ಹೋದಂತೆ. ನಾಳೆ ಎಲ್ಲರೂ ಹಳ್ಳದ ನೀರಲ್ಲಿ ಕಾಲು ಇಳಿಬಿಟ್ಟು ಕೂತಿರುವಾಗ ಇವರು ಮನೆಯಲ್ಲಿ ಟಿವಿಯ ರಿಮೋಟಿಗೆ ಸೆಲ್ ಹುಡುಕುತ್ತಿರಬೇಕು. ಅತ್ತೆಗೆ ಹೋಗುವ ಆಸೆ ಮೈತುಂಬಾ ಇತ್ತು. ಬಾಯಿಬಿಟ್ಟು ಹೇಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದರು. ಕ್ಯಾನ್ವಾಸ್ ಶೂ ತಂದಿಟ್ಟುಕೊಂಡಿದ್ದರು. ಈಗೀಗ ಮಂಡಿನೋವು ಅಷ್ಟೇನೂ ಇಲ್ಲ ಅಂತ ಯಾರೂ ಕೇಳದೆಯೇ ಊಟದ ಹೊತ್ತಲ್ಲಿ ಎಲ್ಲರ ಎದುರು ಹೇಳಿದ್ದರು.

ಈಗಲೂ ಅವರು ಆಸೆಯನ್ನು ಹೇಳಲಿಲ್ಲ. ಮನಸ್ಸಲ್ಲಿ ಕುಟುಕುತ್ತಿದ್ದ ಬೇರೆ ಮಾತನ್ನು ಹೊರಗೆ ಹಾಕಿದರು.

“ಮೊನ್ನೆ ಈ ಮೆಕ್ಯಾನಿಕ್ ಹತ್ರ ಫೋನಲ್ಲಿ ಮಾತಾಡ್ತಿದ್ರಲ್ಲ, ಅದು ನನ್ನ ವಿಷಯ ತಾನೆ?”

“ಯಾವುದು ಅತ್ತೆ?”

“ಹಿಂದುಗಡೆ ಭಾರ ಜಾಸ್ತಿ ಆಗಿದೆ, ವಯಸ್ಸಾಗಿದೆ, ಅಲುಗಿದ್ರೂ ಸದ್ದು ನಿಂತ್ರೂ ಸದ್ದು, ಇಷ್ಟು ದಿನ ಹೊತ್ತಿದ್ದು ಸಾಕು, ಮೊದಲು ಅದನ್ನ ಇಳಿಸಿಬಿಡೋಣ ಅಂದ್ರಿ.”

“ಅತ್ತೆ, ಅದು ಹಳೇ ಕ್ಯಾರಿಯರ್.”

“ಹೌದಮ್ಮಾ,” ಎಂದು ಮೆಕ್ಯಾನಿಕ್ ಗಾಡಿಯ ಕೆಳಗಿನಿಂದ ಸಾಕ್ಷಿ ಹೇಳಿದ. “ಹಿಂದಿನ ಬಾಗಿಲಿಗೆ ಕಟ್ಟಿದ್ದ ಕಬ್ಬಿಣದ್ದು. ತುಕ್ಕು ಹಿಡಿದು ಹೋಗಿತ್ತು.”

“ಸರಿ, ಕ್ಯಾರಿಯರ್ ಆಯ್ತು. ಸೀಟೂ ಹೋಗ್ತಿದೆಯಲ್ಲ, ಅದು ಯಾರ ವಿಷಯ?”

ಅಳಿಯ ಕೈಯಲ್ಲಿದ್ದ ಅಳತೆ ಟೇಪನ್ನು ಮಡಚಿದ. ಅವನಿಗೂ ಈಗ ಸ್ವಲ್ಪ ಬೇಜಾರಾಯಿತು. “ನಾನು ಪ್ರತಿ ವಾರವೂ ಕೇಳಿದ್ದೀನಿ ಅತ್ತೆ, ನೀವೂ ಬರ್ತೀರಾ ಅಂತ. ನನಗ್ಯಾಕೆ ಬಿಡಿ, ನೀವು ಹೋಗಿ ಬನ್ನಿ ಅಂದಿದ್ದು ನೀವೇ.”

“ಪ್ರತಿ ವಾರ ಒಂದೇ ಸಲ ಕೇಳಿದ್ರಿ. ಯಾವತ್ತಾದ್ರೂ ಎರಡನೇ ಸಲ ಕೇಳಿದ್ರಾ?”

“ಬೇಡ ಅಂದ್ಮೇಲೆ ಮತ್ತೆ ಹೇಗೆ ಕೇಳೋದು?”

“ಮೊದಲನೇ ಸಲಕ್ಕೇ ಹೂಂ ಅನ್ನೋಕೆ ನಾನೇನು ಕಾಯ್ತಾ ಕೂತಿದ್ನಾ?”

ಕಾಯುತ್ತಲೇ ಕೂತಿದ್ದರು, ಪಾಪ. ಹೆಣ್ಣು ಕೊಟ್ಟವರು, ಅಳಿಯ ಕರೆದ ಕೂಡಲೇ ಚೀಲ ಹಿಡಿದು ನಿಂತರೆ ಏನು ಚೆನ್ನ ಅಂತ ಅವರ ಲೆಕ್ಕ. ಒಂದು ಸಲ ಬೇಡ ಅನ್ನಬೇಕು, ಅಳಿಯ ಬಲವಂತ ಮಾಡಬೇಕು, ಆಮೇಲೆ ನಿಮ್ಮ ಕಾಟಕ್ಕೆ ಬರ್ತೀನಿ ಅನ್ನಬೇಕು. ಅಳಿಯನ ಲೆಕ್ಕವೇ ಬೇರೆ. ಅವನ ಕುರ್ಚಿಯಲ್ಲಿ ಕೂತವರು ನೋವಿಲ್ಲ ಅಂದರೆ ನೋವಿಲ್ಲ, ಅವನು ಮುಂದಿನ ಕೆಲಸ ಶುರು ಮಾಡುತ್ತಾನೆ.

“ಆಯ್ತು, ಈಗ ಕೇಳ್ತೀನಿ. ನಾಳೆ ಬರ್ತೀರಾ ಅತ್ತೆ?”

ಅತ್ತೆಯ ಎದೆ ಒಂದು ಗಳಿಗೆ ಹಗುರಾಯಿತು. ಆದರೂ ಅಭ್ಯಾಸ ಎಲ್ಲಿ ಬಿಡುತ್ತದೆ?

“ನಾನು ಬಂದ್ರೆ ಪಾಪ, ಫ್ರಿಜ್ಜನ್ನ ಎಲ್ಲಿ ಕೂರಿಸ್ತೀರಿ?”

ಅಳಿಯ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ. “ಅದೂ ಸರಿನೇ,” ಎಂದ.

ಅತ್ತೆ ಹಲಗೆಯ ಮೇಲೆ ನೆಟ್ಟಗೆ ಕೂತು, ಕೈಚೀಲದ ಜಿಪ್ಪನ್ನು ಆ ಕಡೆ ಈ ಕಡೆ ಎಳೆಯುತ್ತಾ ಗೋಡೆಯಲ್ಲಿ ನೇತುಹಾಕಿದ್ದ ಸ್ಪ್ಯಾನರುಗಳನ್ನು ನೋಡಿದರು. ಅವರಿಗೆ ನಿಜಕ್ಕೂ ಅಳು ಬಂದಿತ್ತು. ಒಂದು ಫ್ರಿಜ್ಜಿನ ಮುಂದೆ ಸೋತು ಅಳುವುದು ಹೇಗೆ ಅಂತ ತಡೆದುಕೊಂಡರು.

ಮೆಕ್ಯಾನಿಕ್ ಕೈ ಒರೆಸಿಕೊಂಡು ಎದ್ದ. ಆ ಸೀಟಿನ ಬೋಲ್ಟುಗಳು ತಳದಲ್ಲಿವೆ, ಒಳಗೆ ಕತ್ತಲು, ಗಾಡಿಯನ್ನು ಬೆಳಕಿಗೆ ತಂದರೆ ಬೇಗ ಬಿಚ್ಚಿಬಿಡಬಹುದು ಅಂದ. ಅಳಿಯ ಒಳಗೆ ಹತ್ತಿ ಗಾಡಿ ಶುರು ಮಾಡಿ, ಹೊಸ ಮೂಗಿನ ಸದ್ದನ್ನು ಖುಷಿಯಿಂದ ಕೇಳಿ, ಬಾಗಿಲ ಕಡೆ ನಿಧಾನಕ್ಕೆ ಬಿಟ್ಟ.

“ನಿಲ್ಸಿ ಸಾರ್. ನಿಲ್ಸಿ, ನಿಲ್ಸಿ.”

ನೆತ್ತಿಯ ಮೇಲಿನ ಡೇರೆ ಶಟರಿನ ಅಂಚಿಗೆ ಬಂದು ನಿಂತಿತ್ತು. ಶಟರ್ ಪೂರ್ತಿ ಮೇಲಿತ್ತು. ಡೇರೆ ಅದಕ್ಕಿಂತ ಎರಡು ಬೆರಳು ಮೇಲಿತ್ತು. ಹೊಸ ಸ್ಪ್ರಿಂಗು, ದೊಡ್ಡ ಟೈರು, ಅದರ ಮೇಲೆ ಡೇರೆ, ಎಲ್ಲವನ್ನೂ ಶೆಡ್ಡಿನ ಒಳಗೇ ಕೂರಿಸಿದ್ದರು. ಗಾಡಿ ಒಳಗೆ ಬರುವಾಗ ಬರಿತಲೆಯಲ್ಲಿ ಬಂದಿತ್ತು.

“ಏನ್ರೀ ಇದು?”

“ಎತ್ತರ ಮಾಡಿ ಅಂದ್ರಿ ಸಾರ್. ಮಾಡಿದ್ದೀನಿ.”

“ಆಚೆ ತರೋಕಾಗೋ ಅಷ್ಟೇ ಎತ್ತರ ಮಾಡ್ಬೇಕಿತ್ತು ತಾನೆ?”

“ಆಚೆ ತರೋ ವಿಷಯ ನೀವು ಎತ್ತಲೇ ಇಲ್ಲ. ಬಾಯಿಬಿಟ್ಟು ಹೇಳದೇ ಇದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?”

ಮೂಲೆಯಲ್ಲಿ ಕೂತಿದ್ದ ಅತ್ತೆ, ಈ ಮಾತು ತಮಗೇ ಹೇಳಿದಂತಿದೆಯಲ್ಲ ಅಂತ ಸೆರಗು ಸರಿ ಮಾಡಿಕೊಂಡರು.

ಡೇರೆ ಇಳಿಸಿ ಅಂತ ಅಳಿಯ ಕೇಳಿದ. ಇಳಿಸೋಕೆ ನಾಲ್ಕು ಆಳು ಬೇಕು, ಏರಿಸೋಕೆ ತಂದಿದ್ದ ಚೈನ್ ಪುಲ್ಲಿಯನ್ನು ನಿನ್ನೆಯೇ ವಾಪಸ್ ಕೊಟ್ಟಾಗಿದೆ, ಸೋಮವಾರದ ತನಕ ಸಿಗಲ್ಲ ಅಂತ ಮೆಕ್ಯಾನಿಕ್ ಹೇಳಿದ. ನಾಳೆಯ ಪ್ರವಾಸ ಅಳಿಯನ ಮುಖದಿಂದ ಇಳಿದು ಹೋಗುತ್ತಿರುವುದು ಕಾಣುತ್ತಿತ್ತು. ತನ್ನನ್ನು ತಾನೇ ಎಳೆದುಕೊಳ್ಳುತ್ತೆ ಅಂದ್ರಲ್ಲ, ಈಗ ಎಳೆದುಕೊಳ್ಳಲಿ ಅಂತ ಅತ್ತೆ ಕೂತಲ್ಲಿಂದಲೇ ಸಲಹೆ ಕೊಟ್ಟರು. ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಕೊನೆಗೆ ಮೆಕ್ಯಾನಿಕ್ ನಾಲ್ಕೂ ಚಕ್ರದ ಗಾಳಿ ಇಳಿಸಿದ. ಗಾಡಿ ಕುಗ್ಗಿತು, ಆದರೂ ಅರ್ಧ ಬೆರಳು ಉಳಿಯಿತು. ಹೊಸ ಸ್ಪ್ರಿಂಗು ಬಹಳ ಗಟ್ಟಿ, ಹಿಂದೆ ಒಂದಿಷ್ಟು ಭಾರ ಬಿದ್ದರೆ ಬಗ್ಗುತ್ತೆ ಅಂದ. ತಾನೇ ಹತ್ತಿ ಕೂತ. ಕಡ್ಡಿಯಂಥ ಮನುಷ್ಯ, ಅವನು ಕೂತಿದ್ದು ಗಾಡಿಗೆ ಗೊತ್ತೇ ಆಗಲಿಲ್ಲ. ಮೂಲೆಯಲ್ಲಿ ಒಂದು ಹಳೆಯ ಎಂಜಿನ್ ಬಿದ್ದಿತ್ತು, ಅದನ್ನು ಎತ್ತಿ ಸೀಟಿಗಿಡೋಕೂ ಅದೇ ಪುಲ್ಲಿ ಬೇಕು. ಅವನು ಶೆಡ್ಡಿನ ಉದ್ದಕ್ಕೂ ಕಣ್ಣಾಡಿಸಿದ. ಕಣ್ಣು ಅತ್ತೆಯ ಮೇಲೆ ಬಂದು ನಿಂತಿತು. ಗಾಬರಿಯಾಗಿ ಛಾವಣಿ ನೋಡಿದ. ಅಳಿಯನ ಕಣ್ಣೂ ಅದೇ ದಾರಿಯಲ್ಲಿ ಬಂದು, ಅದೇ ಜಾಗದಲ್ಲಿ ನಿಂತು, ಅದೇ ಛಾವಣಿಗೆ ಹೋಯಿತು.

“ನೀವೇ ಹೇಳಿ ಸಾರ್.”

“ನೀವು ಹೇಳ್ರಿ. ನಿಮ್ಮ ಗ್ಯಾರೇಜು.”

“ನಿಮ್ಮ ಅತ್ತೆ ಸಾರ್.”

ಅಳಿಯ ಅತ್ತೆಯ ಕಡೆ ತಿರುಗಿದ. “ಅತ್ತೆ, ಅಲ್ಲಿ ಹಲಗೆ ಮೇಲೆ ಕೂತು ಬೆನ್ನು ನೋವು ಬಂದಿರುತ್ತೆ. ಗಾಡೀಲಿ ಕೂತ್ಕೊಳ್ಳಿ, ಮೆತ್ತಗಿರುತ್ತೆ.”

ಅತ್ತೆಗೆ ಎಲ್ಲವೂ ಅರ್ಥವಾಗಿತ್ತು. ಮೈದಾನದಲ್ಲಿ ನೂರಾರು ಹುಡುಗಿಯರ ಕುಂಟುನೆಪ ಕೇಳಿದ ಕಿವಿ ಅದು. ಅವರು ಜಿಪ್ಪನ್ನು ಕೊನೆಯವರೆಗೂ ಎಳೆದು ಮುಚ್ಚಿದರು.

“ನನಗ್ಯಾಕೆ ಬಿಡಿ. ಇಲ್ಲೇ ಹಾಯಾಗಿದ್ದೀನಿ.”

“ಸರಿ ಅತ್ತೆ,” ಎಂದು ಅಳಿಯ ತಿರುಗಿದ. ಮೆಕ್ಯಾನಿಕ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದ. “ಇನ್ನೊಂದ್ಸಲ ಕೇಳಿ ಸಾರ್. ಇಷ್ಟೊತ್ತು ಅವರು ಅದೇ ತಾನೆ ಹೇಳ್ತಿದ್ದಿದ್ದು?”

ಅಳಿಯ ನಿಂತ. ತಿರುಗಿ ಅತ್ತೆಯ ಹತ್ತಿರ ಬಂದ, ಟೈರಿನ ಮುಂದೆ ಮಂಡಿಯೂರಿ ಕೂತ. ಕುರ್ಚಿಯಲ್ಲಿ ಹೆದರಿ ಕೂತ ಮಕ್ಕಳ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದ, “ಬನ್ನಿ ಅತ್ತೆ. ನೀವು ಇಲ್ದೇ ಇದ್ರೆ ಈ ಗಾಡಿ ಇಲ್ಲಿಂದ ಕದಲಲ್ಲ. ನಿಮ್ಮನ್ನ ಬಿಟ್ಟು ಹೋಗೋಕೆ ಹೊರಟಿದ್ದು ನನ್ನದೇ ತಪ್ಪು. ನಾಳೆಯೂ ಬನ್ನಿ. ಮತ್ತೆ ಬೇಡ ಅಂದ್ರೆ ಮತ್ತೆ ಕೇಳ್ತೀನಿ.”

“ನಿಮ್ಮ ಕಾಟ ಜಾಸ್ತಿ ಆಯ್ತು,” ಎಂದು ಅತ್ತೆ ಎದ್ದರು. ಮುಖದಲ್ಲಿ ಬಂದ ನಗುವನ್ನು ತಡೆಯಲು ಹೋಗಲಿಲ್ಲ.

ಗಾಡಿ ಎಷ್ಟೇ ಕುಗ್ಗಿದ್ದರೂ ಹತ್ತುವುದು ಸುಲಭವಿರಲಿಲ್ಲ. ಮೆಕ್ಯಾನಿಕ್ ಬಣ್ಣದ ಡಬ್ಬಿ ತಂದು ಬೋರಲು ಹಾಕಿದ, ಅಳಿಯ ಭುಜ ಕೊಟ್ಟ. ಅತ್ತೆ ಒಂಟಿ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಗಾಡಿ ಒಮ್ಮೆ ನಿಟ್ಟುಸಿರಿಟ್ಟು ಹಿಂದಕ್ಕೆ ತಗ್ಗಿತು. ಡೇರೆಗೂ ಶಟರಿಗೂ ನಡುವೆ ಬೆಳಕಿನ ಒಂದು ಗೆರೆ ಮೂಡಿತು.

“ಬರ್ಲಿ ಸಾರ್, ಬರ್ಲಿ. ಅಮ್ಮಾ, ಉಸಿರು ಬಿಡ್ಬೇಡಿ.”

“ಬಿಟ್ರೆ ಏನಾಗುತ್ತೆ?”

“ಏನೂ ಆಗಲ್ಲ, ನಂಗೆ ಭಯ ಅಷ್ಟೆ.”

ಗಾಡಿ ಬಿಸಿಲಿಗೆ ಬಂತು. ಮೆಕ್ಯಾನಿಕ್ ಚಕ್ರಗಳಿಗೆ ಗಾಳಿ ತುಂಬಿ, ಸ್ಪ್ಯಾನರ್ ಹಿಡಿದು ಹಿಂದಿನ ಬಾಗಿಲ ಹತ್ತಿರ ಬಂದು ನಿಂತ. ಈಗ ಸೀಟು ಬಿಚ್ಚಲಾ ಅಂತ ಕೇಳಿದ. ಬೇಡ ಅಂದ ಅಳಿಯ.

“ಎರಡನೇ ಸಲ ಕೇಳ್ಲಾ ಸಾರ್?”

“ಕೇಳ್ಬೇಡಿ. ಫ್ರಿಜ್ಜು ಇಲ್ಲೇ ಇರ್ಲಿ.”

ಮನೆಯವರೆಗೂ ಅತ್ತೆ ಕಿಟಕಿಯ ಗಾಜು ಇಳಿಸಿ, ಮೇಲಿನಿಂದ ಊರನ್ನು ನೋಡುತ್ತಾ ಬಂದರು. ಬಸ್ಸಿನವರ ಸಮಕ್ಕೆ ಕೂತಿರುವುದು ಅವರಿಗೆ ಬಹಳ ಹಿಡಿಸಿತು. ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯುವ ಬಾಯಲ್ಲಿ ಒಂದು ಸಿಮೆಂಟಿನ ತೊಲೆಯಿದೆ. ಕಾವಲುಗಾರ ಓಡಿ ಬಂದು, ಬಗ್ಗಿ, ಕತ್ತೆತ್ತಿ, ಒಂದು ಕಾಗದ ತೂರುವಷ್ಟು ಸಂದು ಇದೆ ಅಂತ ಸನ್ನೆ ಮಾಡಿದ. ಗಾಡಿ ಮೆಲ್ಲಗೆ ಒಳಗೆ ಹೋಗಿ ತನ್ನ ಜಾಗದಲ್ಲಿ ನಿಂತಿತು.

ಅಳಿಯ ಕೈಹಿಡಿದು ಅತ್ತೆಯನ್ನು ಇಳಿಸಿದ. ಅವರ ಎರಡನೇ ಕಾಲು ನೆಲಕ್ಕೆ ತಾಗುತ್ತಲೂ ಗಾಡಿ ಮೇಲಕ್ಕೆದ್ದು ನಿಂತಿತು. ಅಳಿಯ ಗಾಡಿಯ ನೆತ್ತಿ ನೋಡಿದ, ದೂರದ ತೊಲೆ ನೋಡಿದ, ಮತ್ತೆ ನೆತ್ತಿ ನೋಡಿದ. ಅತ್ತೆಯೂ ಅದನ್ನೇ ನೋಡಿದರು, ಆದರೆ ಅವರಿಗೆ ಒಂದೇ ಸಲ ಸಾಕಾಯಿತು.

“ನಾಳೆ ಆರಕ್ಕೆಲ್ಲ ಹೊರಡೋಣ ಅಂತಿದ್ದೆ ಅತ್ತೆ,” ಎಂದ ಅಳಿಯ ಮೆತ್ತಗೆ.

“ನೋಡೋಣ. ಎದ್ದು, ಕಾಫಿ ಕುಡಿದು, ಪೇಪರ್ ಓದಿ ಹೇಳ್ತೀನಿ,” ಎನ್ನುತ್ತಾ ಅತ್ತೆ ಲಿಫ್ಟಿನ ಗುಂಡಿ ಒತ್ತಿದರು. “ಅಲ್ಲೀವರೆಗೆ ನೀವೇನು ಹೋಗಿಬಿಡಲ್ಲ.”