ವರೀದನ ಮೂರು ಬಣ್ಣದ ಪಟ್ಟಿ

ಎಲ್ಲದಕ್ಕೂ ಕಾರಣ ಒಂದು ಮಾವಿನಕಾಯಿ.

ವರೀದನ ಅಣ್ಣ ಔಸೇಪ್ ಆ ದಿನ ಮಧ್ಯಾಹ್ನ ಊಟಕ್ಕೆ ಬರುವವನಿದ್ದ. ಅಮ್ಮ ತೀರಿಕೊಂಡ ದಿನದಿಂದ ತಮ್ಮನ ಜೊತೆ ಮಾತು ಬಿಟ್ಟಿದ್ದ. ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತಿರಬೇಕಾದ ವರೀದ್, ಒಂದು ಲೋಟ ಚಹಾ ಕುಡಿದು ಬರೋಣವೆಂದು ಹೊರಗೆ ಹೋಗಿದ್ದ. ಬರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಅವನ ಕೈಯಲ್ಲಿ ಲೋಟ ಇನ್ನೂ ಬಿಸಿಯಾಗಿತ್ತು. ಅದನ್ನು ಔಸೇಪ್ ನೋಡಿದ್ದ. ಇಷ್ಟು ವರ್ಷದ ಮೇಲೆ ಈಗ ತಾನಾಗಿ ಫೋನು ಮಾಡಿದ್ದ: "ಭಾನುವಾರ ಬರ್ತೀನಿ. ಮೀನಿಗೆ ಮಾವಿನಕಾಯಿ ಹಾಕು, ಅಮ್ಮ ಹಾಕ್ತಿದ್ಲಲ್ಲ ಹಾಗೆ."

ಕೊಡೆ ರಿಪೇರಿ ಮಾಡಿ ಬದುಕುವ ವರೀದ್ ಹಿತ್ತಿಲ ಮರದ ಕೆಳಗೆ ಸ್ಟೂಲು ಹತ್ತಿದ. ಮಾವಿನಕಾಯಿ ಕೈಗೆ ಬಂತು, ಸ್ಟೂಲು ಕಾಲಿಂದ ಹೋಯಿತು. ಗಾಳಿಗೆ ಮಗುಚಿಕೊಂಡ ಕೊಡೆಯ ಹಾಗೆ ಕೈಕಾಲು ಚೆಲ್ಲಿ ಬಿದ್ದ.

"ಅಯ್ಯೋ ಮಾತಾವೇ!" ಎನ್ನುತ್ತ ಪಕ್ಕದ ಮನೆಯ ಕೊಚ್ಚುತ್ರೇಸ್ಯ ಓಡಿ ಬಂದಳು. ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ ಅವನನ್ನು ಆಟೋಗೆ ಹತ್ತಿಸಿದಳು. ಎದುರು ಮನೆಯ ದೇವಸ್ಸಿ ಯಾರೂ ಕರೆಯದೆಯೇ ಹತ್ತಿ ಕೂತ. ಆಯುಷ್ಯವೆಲ್ಲ ರೇಷನ್ ಅಂಗಡಿ ನಡೆಸಿದವನು ಅವನು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಿಸ್ಟರ್ ಪಾದ ಒತ್ತಿ ನೋಡಿ ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟಿದಳು. "ಉಳುಕು ಅಷ್ಟೆ, ಅಪ್ಪಚ್ಚಾ. ಕಟ್ಟು ಹಾಕಿ ಕಳಿಸ್ತೀವಿ. ಊಟದ ಹೊತ್ತಿಗೆ ಮನೇಲಿರ್ತೀರಿ."

ವರೀದನಿಗೆ ಜೀವ ಬಂತು. ದೇವಸ್ಸಿಗೆ ಹೋಯಿತು.

"ಹಸಿರಾ? ಬಣ್ಣದ ವಿಷಯ ನನ್ನನ್ನ ಕೇಳು. ಬಿಳಿ ರೇಷನ್ ಕಾರ್ಡಿಗೆ ಏನೂ ಸಿಗಲ್ಲ. ನೀಲಿಗೆ ಅಷ್ಟಿಷ್ಟು. ಗುಲಾಬಿ ಪರವಾಗಿಲ್ಲ. ಹಳದಿ ಅಂದ್ರೆ ಎಲ್ಲಾ ಪುಕ್ಕಟೆ! ಹಸಿರು ಅನ್ನೋದು ಲೆಕ್ಕಕ್ಕೇ ಇಲ್ಲ. ಅಲ್ಲಿ ನೋಡು, ಹಳದಿಯೋರಿಗೆ ಮಂಚ, ಫ್ಯಾನು. ನಿನಗೆ ಬೆಂಚು."

"ದೇವಸ್ಸಿ ಚೇಟ್ಟಾ, ನನಗೆ ಬೆಂಚೇ ಸಾಕು..."

"ನೀನು ಸುಮ್ನಿರು. ಸಿಸ್ಟರೇ! ಇವನಿಗೆ ಎದೆನೋವೂ ಇದೆ. ನಾಚಿಕೆ ಪ್ರಾಣಿ, ನಿಮ್ಮೆದುರು ಹೇಳ್ತಿಲ್ಲ."

"ಇಲ್ಲ ಸಿಸ್ಟರ್, ಎದೆ ಗಟ್ಟಿಯಾಗಿದೆ!"

"ಎಲ್ಲ ಗಂಡಸರೂ ಹೀಗೇ ಅನ್ನೋದು," ಎಂದು ಸಿಸ್ಟರ್ ಹಸಿರು ಪಟ್ಟಿ ಕತ್ತರಿಸಿ ಹಳದಿ ಕಟ್ಟಿದಳು. ಎದೆಗೆ ವೈರು ಅಂಟಿಸಿದರು. ಸಂಜೆಯವರೆಗೆ ಮಂಚ ಬಿಟ್ಟು ಇಳಿಯುವ ಹಾಗಿಲ್ಲ ಎಂದರು. ದೇವಸ್ಸಿ ಫ್ಯಾನಿನ ಕೆಳಗೆ ಗೆದ್ದವನಂತೆ ಕೂತ.

ವರೀದ್ ಕೊಚ್ಚುತ್ರೇಸ್ಯಳ ಕೈ ಹಿಡಿದುಕೊಂಡ. "ಚೇಡತ್ತೀ, ಮನೆಗೆ ಹೋಗಿ ಬೀಗ ತೆಗಿ. ಅಣ್ಣ ಬಂದ್ರೆ ಕೂರಿಸು. ಬಾಗಿಲು ಹಾಕಿದ್ದು ನೋಡಿದ್ರೆ ಮತ್ತೆ ಬರಲ್ಲ ಅವನು."

ಅವಳು ಹೋದಳು. ಅಣ್ಣನ ಬಸ್ಸು ಬಂದಿರಬಹುದೆಂದು ನೆನೆದಷ್ಟೂ ವರೀದನಿಗೆ ತಡೆಯದಾಯಿತು. "ಮಾವಿನಕಾಯಿ! ಮಾವಿನಕಾಯಿ ಅಲ್ಲೇ ಬಿದ್ದಿದೆ! ಬಿಡ್ರೋ ನನ್ನ!" ಎಂದು ವೈರು ಕಿತ್ತ. ಡಾಕ್ಟರು ಓಡಿ ಬಂದರು. ಮೇಲಿಂದ ಬಿದ್ದವನು, ಈಗ ಮಾವಿನಕಾಯಿ ಎಂದು ಬಡಬಡಿಸುತ್ತಿದ್ದಾನೆ. ತಲೆಗೆ ಪೆಟ್ಟಾಗಿರಬೇಕು. ಕತ್ತಿಗೆ ಗಟ್ಟಿ ಪಟ್ಟಿ, ಕೈಗೆ ಜೀವಾಪಾಯದ ಕೆಂಪು ಪಟ್ಟಿ.

"ಕೆಂಪಾ!" ದೇವಸ್ಸಿ ತಲೆ ಚಚ್ಚಿಕೊಂಡ. "ರೇಷನ್‌ನಲ್ಲಿ ಕೆಂಪೇ ಇಲ್ವಲ್ಲೋ! ಕೈಗೆ ಬಂದ ಹಳದೀನ ಕಳ್ಕೊಂಡ್ಯಲ್ಲೋ!" ಈ ನಷ್ಟವನ್ನು ಕೂಡಲೇ ಕೊಚ್ಚುತ್ರೇಸ್ಯಳಿಗೂ ಫೋನಿನಲ್ಲಿ ತಿಳಿಸಿದ.

ಸ್ಕ್ಯಾನ್ ಕೋಣೆಯ ಹೊರಗೆ ತಳ್ಳುಮಂಚದ ಹತ್ತಿರ ಯಾರೂ ಇಲ್ಲದ ಗಳಿಗೆ ನೋಡಿ ವರೀದ್ ಇಳಿದ. ಒಂಟಿಕಾಲಲ್ಲಿ ಕುಪ್ಪಳಿಸುತ್ತ ಹಿಂಬಾಗಿಲು ದಾಟಿ ಆಟೋ ಹಿಡಿದ.

"ಅಪ್ಪಚ್ಚಾ, ಆಸ್ಪತ್ರೆ ಈ ಕಡೆ," ಎಂದ ಆಟೋದವನು, ಕತ್ತಿನ ಪಟ್ಟಿ ನೋಡಿ.

"ಗೊತ್ತು. ಅದಕ್ಕೇ ಆ ಕಡೆ ನಡಿ."

ಮನೆಯ ಬಾಗಿಲು ತೆರೆದಿತ್ತು. ಮಾವಿನಕಾಯಿ ಬಿದ್ದ ಮೀನಿನ ಸಾರಿನ ವಾಸನೆ ಅಂಗಳಕ್ಕೆ ಬರುತ್ತಿತ್ತು. ಕೊಚ್ಚುತ್ರೇಸ್ಯ ಮಾತ್ರ ಅವನನ್ನು ಕಂಡು ಎದೆ ಬಡಿದುಕೊಂಡಳು.

"ನೀನಿಲ್ಲಿ ಏನೋ ಮಾಡ್ತಿದ್ದೀ? ನಿನ್ನ ಕೆಂಪಿಗೆ ಹಾಕಿದ್ರು ಅಂದ ತಕ್ಷಣ ಔಸೇಪ್ ಚೇಟ್ಟ ಆಸ್ಪತ್ರೆಗೆ ಓಡಿದ್ರಲ್ಲೋ! ಚಪ್ಪಲಿ ಕೂಡ ಹಾಕ್ಕೊಳ್ಳಲಿಲ್ಲ!"

ಮೆಟ್ಟಿಲ ಮೇಲೆ ಒಂದು ಜೊತೆ ಹಳೇ ಚಪ್ಪಲಿ. ವರೀದ್ ಅದನ್ನೆತ್ತಿಕೊಂಡು ಅದೇ ಆಟೋ ಹತ್ತಿದ.

ಅಷ್ಟರಲ್ಲಿ ಔಸೇಪ್ ತಮ್ಮನ ಖಾಲಿ ಮಂಚದ ಮುಂದೆ ನಿಂತಿದ್ದ. ಆಸ್ಪತ್ರೆಯಲ್ಲಿ ಖಾಲಿ ಮಂಚವೆಂದರೆ ಏನೆಂದು ಅಮ್ಮನ ಸಲ ಅವನು ಕಲಿತಿದ್ದ. ಅಲ್ಲೇ ಕುಸಿದ. ಎತ್ತಿ ಅದೇ ಮಂಚದ ಮೇಲೆ ಮಲಗಿಸಿ ಕೆಂಪು ಪಟ್ಟಿ ಕಟ್ಟಿದರು.

ವರೀದ್ ಬಂದಾಗ ಸಿಸ್ಟರ್ ಡಾಕ್ಟರನ್ನು ಕರೆದಳು. ಅವರು ಪರೀಕ್ಷಿಸಿ, ಬೈದು, ಮತ್ತೆ ಹಸಿರು ಕಟ್ಟಿಸಿದರು. "ಕತ್ತಿನ ಪಟ್ಟಿ ಇರ್ಲಿ, ಆಮೇಲೆ ತೆಗೀತೀನಿ. ಬೆಂಚು ಬಿಟ್ಟು ಅಲ್ಲಾಡಬಾರ್ದು!" ಎಂದಳು ಸಿಸ್ಟರ್.

"ಒಳಗಿರೋನು ನನ್ನಣ್ಣ, ಸಿಸ್ಟರ್."

"ಒಳಗೆ ಒಬ್ಬರಿಗೇ ಅವಕಾಶ. ಆಗಲೇ ಒಬ್ಬರಿದ್ದಾರೆ."

ಬಾಗಿಲ ಸಂದಿಯಿಂದ ದೇವಸ್ಸಿಯ ತಲೆ ಹೊರಬಂತು. "ಹೆದರ್ಬೇಡ, ಎಚ್ಚರ ಆಗಿದೆ. 'ಬಾಗಿಲ ಹತ್ರಾನಾದ್ರೂ ಇದಾನಾ?' ಅಂತ ಕೇಳ್ದ. 'ಕಂಬದ ಹಾಗೆ ಕೂತಿದಾನೆ' ಅಂದೆ. ಕಣ್ಣೊರೆಸ್ಕೊಂಡ. ಸ್ಕ್ಯಾನಿಗೆ ಕರ್ಕೊಂಡು ಹೋಗುವಾಗ ನೋಡ್ತೀನಿ ಅಂದ."

ವರೀದ್ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತ. ಕಾಲು ಬಿಂದಿಗೆಯಾಗಿತ್ತು, ಹೊಟ್ಟೆ ಖಾಲಿಯಾಗಿತ್ತು. ಅಲ್ಲಾಡಲಿಲ್ಲ.

ಚಹಾದವನು ಬಂದ. "ಅಪ್ಪಚ್ಚಾ, ಚಹಾ?"

ಬೇಡವೆಂದು ತಲೆಯಾಡಿಸಲು ನೋಡಿದ. ಕತ್ತಿನ ಪಟ್ಟಿ ಬಿಡಲಿಲ್ಲ. ಬಾಯಿ ತೆರೆಯುವ ಮುನ್ನವೇ ಒಪ್ಪಿಗೆಯೆಂದುಕೊಂಡ ಚಹಾದವನು ಹೊಗೆಯಾಡುವ ಲೋಟವನ್ನು ಕೈಗೆ ಹಿಡಿಸಿ ಮುಂದಕ್ಕೆ ಹೋದ.

ಆಗಲೇ ಬಾಗಿಲು ತೆರೆಯಿತು.

ತಳ್ಳುಮಂಚದ ಮೇಲೆ ಔಸೇಪ್ ತಲೆಯೆತ್ತಿ ತಮ್ಮನನ್ನು ಹುಡುಕಿದ. ಕಣ್ಣು ಮುಖದವರೆಗೆ ಬರಲಿಲ್ಲ. ಲೋಟದ ಮೇಲೆ ನಿಂತಿತು. ಆಮೇಲೆ ಅವನು ಮೆಲ್ಲಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಮಂಚ ಹೊರಟುಹೋಯಿತು. ಹಿಂದಿನಿಂದ ನೋಡೋಣವೆಂದರೆ ವರೀದನ ಕತ್ತು ತಿರುಗಲಿಲ್ಲ. ಹಿಂದೆ ಹೋಗುತ್ತಿದ್ದ ದೇವಸ್ಸಿ ಬಗ್ಗಿ ಕಿವಿಯಲ್ಲಿ ಹೇಳಿದ:

"ಬಿಸಿ ಇರುವಾಗ್ಲೇ ಕುಡಿ."